ಬಿದ್ದ ಮರವೂ ಮನೆಯ ಒಲೆಯೂ

ನಮ್ಮ ಸೊರಟೂರಿನ ಕಡೆಗೆ ಚೈತ್ರ ವೈಶಾಖಗಳಲ್ಲಿ ಬರುವ ಅಡ್ಡಮಳೆಯು ನೀರಿಗಿಂತ ಗಾಳಿಯನ್ನೇ ಹೆಚ್ಚಾಗಿ ತರುವದೆಂಬುದನ್ನು ಈ ಭಾಗದ ವಾಚಕರಿಗೆ ಹೇಳಬೇಕಾದುದಿಲ್ಲ. ಮಧ್ಯಾಹ್ನದ ವರೆಗೆ ಬೆಂಕಿಯಂಥ ಬಿಸಿಲು. ಮೂರು ಗಂಟೆಯ ಸುಮಾರಿಗೆ ಮುಗಿಲಂಚಿನಲ್ಲೊಂದು ಧೂಳಿನ ಗೋಡೆ. ಅರ್ಧ ತಾಸಿನೊಳಗಾಗಿ ಹಂಚು, ತಗಡು, ಬಣವೆಯ ಮೇವು ಎಲ್ಲವೂ ಆಕಾಶಗಾಮಿ! ಗಾಳಿ ನಿಂತ ತರುವಾಯ ಹೊರಗೆ ಬಂದು ನೋಡಿದರೆ ಹೊಲದ ಬದುವಿನಲ್ಲಿಯೋ ಹಿತ್ತಲಿನಲ್ಲಿಯೋ ಒಂದೆರಡು ಹಳೆಯ ಮರಗಳು ಬೇರು ಮೇಲಾಗಿ ಮಲಗಿಕೊಂಡಿರುವವು. ಅಂಥ ಮರವನ್ನು ಕಂಡು ಮೊದಲು ಅಯ್ಯೋ ಎನ್ನುತ್ತೇವೆ. ಎರಡನೆಯ ಮಾತು ಕಟ್ಟಿಗೆಯದೇ. ಬಿದ್ದ ಮರವನ್ನು ಗುರುತಿಸಿ, ಕಡಿದು, ಸೀಳಿ, ಒಣಗಿಸಿ ಒಲೆಗೆ ಯೋಗ್ಯವಾಗಿ ಮಾಡುವದು ಹೇಗೆಂಬುದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ಈ ವಿಷಯದಲ್ಲಿ ನಾವು ಪಂಡಿತರಲ್ಲ. ತಪ್ಪು ಮಾಡಿ ಕಲಿತವರು.

೧೯೯೪ರ ವೈಶಾಖದಲ್ಲಿ ನಮ್ಮ ಹಿತ್ತಲಿನ ದೊಡ್ಡ ಬೇವು ಬಿದ್ದಿತು. ಅಜ್ಜನವರು ಹಚ್ಚಿದ ಮರವದು. ಅದೇ ಗಾಳಿಗೆ ಹೊಲದ ಬದುವಿನ ಎರಡು ಕರಿಜಾಲಿಗಳೂ ಉರುಳಿದವು. ಮುಂದೆ ಒಂದು ತಿಂಗಳಿಗೆ ನಮ್ಮ ತಂಗಿಯ ಮದುವೆ ಗೊತ್ತಾಗಿದ್ದಿತು. ದೇವರೇ ಕಟ್ಟಿಗೆಯನ್ನು ಮನೆಗೆ ಕಳಿಸಿದನೆಂದು ಹಿಗ್ಗಿ, ಆಳುಗಳಿಂದ ಮರವನ್ನು ಮೊಳದುದ್ದದ ಕೊರಡುಗಳಾಗಿ ಕಡಿಸಿ ಅಂಗಳದ ಬಿಸಿಲಿನಲ್ಲಿ ಉರುಳಿಸಿದೆವು. ನಮ್ಮೂರ ವೃದ್ಧ ಬಡಿಗನೊಬ್ಬನು ಅತ್ತ ಹಾಯ್ದು ಹೋಗುತ್ತ ನಿಂತು ನೋಡಿ, "ಮಾಸ್ತರ್ರೀ, ಹೊರಗ ಒಣಗಿದ್ರ ಕಟ್ಟಿಗಿ ಒಣಗಿಧಂಗಲ್ರಿ. ಸೀಳಸ್ರಿ" ಎಂದನು. ವೈಶಾಖದ ಬಿಸಿಲಿನ ಮುಂದೆ ಕೊರಡಿನ ಹಸಿತನ ಎಷ್ಟರದೆಂದು ನಾವು ನಕ್ಕುಬಿಟ್ಟೆವು.

ಮದುವೆಯ ಹಿಂದಿನ ರಾತ್ರಿ ನಮ್ಮ ನಗೆಯ ಫಲವು ಗೊತ್ತಾಯಿತು. ಅಡಿಗೆಯವರು ಹೂಡಿದ ಒಲೆಗಳಲ್ಲಿ ಕೊರಡುಗಳು ಹೊತ್ತಲೊಲ್ಲವು. ತುದಿಗಳಲ್ಲಿ ನೊರೆ ಕಕ್ಕುತ್ತ, ಸುಂಯ್ಯೆನ್ನುತ್ತ, ಹಂದರವನ್ನೆಲ್ಲ ಹೊಗೆಯಿಂದ ತುಂಬಿಬಿಟ್ಟವು. ಸೀಮೆ ಎಣ್ಣೆ ಸುರಿದರು, ಎಣ್ಣೆಯಷ್ಟೇ ಉರಿಯಿತು. ಕೊನೆಗೆ ನೆರೆಮನೆಗಳಿಂದ ಕುಳ್ಳನ್ನೂ ಹತ್ತಿಕಟ್ಟಿಗೆಯನ್ನೂ ಕಡ ತಂದು ಅಡಿಗೆ ಮುಗಿಸಬೇಕಾಯಿತು. ಅಡಿಗೆಯವರು ಕೈಬಿಟ್ಟೆದ್ದು ಹೋದಾರೆಂಬ ಭಯದಿಂದ ನಮ್ಮ ತಾಯಿಯವರು ತಾವೇ ಊದುಗೊಳವೆ ಹಿಡಿದು ಬೆಳಗಿನ ಜಾವದ ವರೆಗೆ ಒಲೆಯ ಮುಂದೆ ಕುಳಿತರು. ಬೆಳಗಿಗೆ ಅವರ ಕಣ್ಣು ಕೆಂಡವಾಗಿದ್ದವು. ಮದುಮಗಳಿಗೆ ಹರಸುವಾಗ ಕೆಮ್ಮು ಅವರನ್ನು ಮಾತಾಡಗೊಡಲಿಲ್ಲ.

ಆಗಿನ ಕಾಲಕ್ಕೆ ನಾವು ಶಾಲೆ ಬಿಟ್ಟ ಬಳಿಕ ನಾಲ್ಕಾರು ಹುಡುಗರಿಗೆ ಮನೆಯ ಕಟ್ಟೆಯ ಮೇಲೆ ಅನ್ನಂಭಟ್ಟನ ತರ್ಕಸಂಗ್ರಹವನ್ನು ಹೇಳಿಕೊಡುತ್ತಿದ್ದೆವು. ಆ ಪುಸ್ತಕವನ್ನು ಓದಿದವರು ಬಲ್ಲರು: ಹೊಗೆಯಿದ್ದಲ್ಲಿ ಬೆಂಕಿಯಿದ್ದೇ ಇರುವದೆಂಬುದು ಅನುಮಾನಪ್ರಮಾಣದ ಮೊದಲನೆಯ ಉದಾಹರಣೆ, ಅದಕ್ಕೆ ಅಡಿಗೆಯ ಮನೆಯೇ ದೃಷ್ಟಾಂತ. ಆದರೆ ಇದನ್ನು ತಿರುಗಿಸಿ, ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವದೆಂದರೆ ತರ್ಕವು ಒಪ್ಪುವದಿಲ್ಲ. ಕಾಸಿ ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯು ಹುಟ್ಟಬೇಕಾದರೆ ಬೆಂಕಿಯೊಡನೆ ಹಸಿ ಕಟ್ಟಿಗೆಯ ಸಂಬಂಧವೂ ಬೇಕು. ಇದನ್ನೇ ಶಾಸ್ತ್ರಕಾರರು 'ಆರ್ದ್ರೇಂಧನಸಂಯೋಗ'ವೆಂಬ ಉಪಾಧಿಯೆಂದು ಹೇಳಿರುವರು. ಈ ಪಾಠವನ್ನು ನಾವು ಎಷ್ಟು ಸಲ ಗಟ್ಟಿಯಾಗಿ ಹೇಳಿದ್ದೆವೋ ಏನೋ, ಒಳಗೆ ರೊಟ್ಟಿ ಬಡಿಯುತ್ತಿದ್ದ ತಾಯಿಯವರಿಗೆ ಬಾಯಿಪಾಠವಾಗಿದ್ದಿತು. ಮದುವೆಯ ಗದ್ದಲ ಇಳಿದ ಮೇಲೆ ಒಂದು ದಿನ, "ಹುಡುಗರಿಗೆ ಹಸಿ ಕಟ್ಟಿಗಿ ಹೊಗಿ ಅಂತ ದಿನಾ ಹೇಳ್ತಿ. ಅದು ಬರೇ ಹುಡುಗರಿಗೆ ಏನ ತಮ್ಮಾ?" ಎಂದು ಮೆಲ್ಲಗೆ ಕೇಳಿದರು. ಕೋಪದಿಂದ ಕೇಳಿದ್ದರೆ ಉತ್ತರ ಕೊಡಬಹುದಿತ್ತು. ಅಂದಿನಿಂದ ನಾವು ಆ ಬಡಿಗನ ಶಿಷ್ಯರಾದೆವು.

ಮೊದಲನೆಯದಾಗಿ, ಗಟ್ಟಿಮರವೆಂದರೇನು? ಪಾಶ್ಚಾತ್ಯ ಶಾಸ್ತ್ರಜ್ಞರು ಅಗಲವಾದ ಎಲೆಯುಳ್ಳ ಮರಗಳನ್ನೆಲ್ಲ ಗಟ್ಟಿಮರಗಳೆಂದೂ, ಪೈನು ದೇವದಾರುಗಳಂಥ ಸೂಜಿಯೆಲೆಯವುಗಳನ್ನು ಮೆದುಮರಗಳೆಂದೂ ವಿಂಗಡಿಸುವರು. ಆ ಲೆಕ್ಕದಿಂದ ನಮ್ಮ ಬೂರುಗವೂ ನುಗ್ಗೆಯೂ ಗಟ್ಟಿಮರಗಳೇ ಆಗುವವು! ಒಲೆಯ ಮುಂದೆ ಕುಳಿತ ಗೃಹಿಣಿಗೆ ಈ ವಿಂಗಡಣೆಯಿಂದ ಏನೂ ಪ್ರಯೋಜನವಿಲ್ಲ. ಅವಳ ಲೆಕ್ಕ ತೂಕದ್ದು. ಒಣಗಿದ ಕಟ್ಟಿಗೆಯು ಯಾವ ಮರದ್ದೇ ಆಗಲಿ, ಸೇರಿಗೆ ಸೇರು ಹೆಚ್ಚು ಕಡಿಮೆ ಒಂದೇ ಕಾವನ್ನು ಕೊಡುವದು. ಒಂದು ಕಿಲೋಗ್ರಾಮಿಗೆ ಸುಮಾರು ೪೫೦೦ ಕಿಲೋ ಕ್ಯಾಲರಿ. ಆದರೆ ಬೂರುಗದ ತೋಳಷ್ಟು ತುಂಡು ಹೂವಿನಂತೆ ಹಗುರ, ಜಾಲಿಯದು ಕಲ್ಲಿನಂತೆ ಭಾರ. ಮೊದಲನೆಯದು ಭಗ್ಗನೆ ಉರಿದು ಬೂದಿಯಾಗುವದು. ಎರಡನೆಯದು ಕೆಂಡವಾಗಿ ನಿಂತು ಬೇಳೆಯನ್ನು ಬೇಯಿಸುವದು.

ಬಿದ್ದ ಮರವನ್ನು ಎಲೆ ನೋಡಿ ಗುರುತಿಸುವದು ಸುಲಭ. ಎಲೆಯುದುರಿದ ಮೇಲೆ ತೊಗಟೆ, ಚೇಗು, ತೂಕ, ವಾಸನೆ ಇವೇ ಸಾಕ್ಷಿಗಳು. ಮರದ ಅಡ್ಡಕೊಯ್ತದಲ್ಲಿ ಹೊರಗಿನ ಬಿಳಿಯ ಭಾಗವೂ ಒಳಗಿನ ಬಣ್ಣದ ಗಟ್ಟಿ ಭಾಗವೂ ಬೇರೆ ಬೇರೆಯಾಗಿ ಕಾಣುವವು. ಒಳಗಿನದೇ ಚೇಗು, ಸಂಸ್ಕೃತದಲ್ಲಿ ಸಾರ. ಕರಿಜಾಲಿಯ ತೊಗಟೆ ಕಪ್ಪಾಗಿ ಉದ್ದುದ್ದ ಬಿರಿದಿರುವದು. ಚೇಗು ಕಡಿದಾಗ ನಸುಗೆಂಪಾಗಿದ್ದು ಗಾಳಿ ತಗಲಿದಂತೆ ಕಂದುಗೆಂಪಾಗುವದು. ಗಾಯದಲ್ಲಿ ಅಂಟು ಕಾಣುವದು. ಕೆಳಗೆ ಮಣಿಸರದಂಥ ಕಾಯಿಗಳು ಬಿದ್ದಿದ್ದರೆ ಸಂಶಯವೇ ಉಳಿಯದು. ಬಂಡಿಯ ಗಾಲಿಗೂ ನೇಗಿಲಿಗೂ ಇದೇ ಬೇಕೆಂದು ನಮ್ಮ ಬಡಿಗರು ಜಾಲಿಯ ಕೊರಡುಗಳನ್ನು ಕೆಲವು ತಿಂಗಳು ನೀರಿನಲ್ಲಿ ಮುಳುಗಿಸಿಟ್ಟು, ಹುಳುವಿನ ಕಾಟ ತಪ್ಪಿಸಿ, ಆಮೇಲೆ ನೆರಳಿನಲ್ಲಿ ಒಣಗಿಸುತ್ತಿದ್ದರು. ಆದಕಾರಣ ಜಾಲಿಯ ನೆಟ್ಟನೆಯ ದಿಮ್ಮಿ ದೊರೆತರೆ ಒಲೆಗಿಡುವ ಮುನ್ನ ಬಡಿಗನಿಗೊಮ್ಮೆ ತೋರಿಸುವದು ಒಳ್ಳೆಯದು.

ಹುಣಸೆಯ ಚೇಗು ಚಿಕ್ಕದು, ಕಪ್ಪು ನೇರಳೆ ಬಣ್ಣದ್ದು, ಕೊಡಲಿಯ ಬಾಯನ್ನೇ ಮುರಿಯುವಷ್ಟು ಬಿರುಸು. ಅದರ ಕಾವು ಮಾತ್ರ ಇಟ್ಟಿಗೆಯ ಭಟ್ಟಿಗೆ ಸಲ್ಲುವಂಥದು. ಬೇವಿನ ಚೇಗು ಕೆಂಗಂದು. ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವದರಿಂದ ಸೀಳುವದು ಪ್ರಯಾಸ. ದಿಂಡಿಗದ ತೊಗಟೆ ನುಣುಪು, ಬೂದಿಬಿಳುಪು, ಅಲ್ಲಲ್ಲಿ ಸಿಪ್ಪೆ ಕಳಚಿದ ತಗ್ಗುಗಳು. ಸಂಸ್ಕೃತದ 'ಧವ'ವೆಂಬುದು ಇದೇ. ಕೊಡಲಿಯ ಕಾವಿಗೂ ಬಂಡಿಯ ಅಚ್ಚಿಗೂ ಬರುವ ಈ ಮರವು ಉರುವಲಿನಲ್ಲಿ ಅಗ್ರಗಣ್ಯ. ಕಗ್ಗಲಿ, ಅಂದರೆ ಖದಿರ, ರಕ್ತವರ್ಣದ ಚೇಗಿನಿಂದಲೇ ಗೊತ್ತಾಗುವದು. ಎಲೆ ಅಡಿಕೆಯ ಕಾಚು ಬರುವದು ಇದರಿಂದಲೇ. ಇನ್ನು ಹಾಳುಭೂಮಿಯಲ್ಲೆಲ್ಲ ಹಬ್ಬಿರುವ ಬಳ್ಳಾರಿಜಾಲಿಯು ಅಮೇರಿಕ ಖಂಡದ ಗಿಡ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಮ್ಮ ದೇಶಕ್ಕೆ ಬಂದಿತು. ಅದರ ಮುಳ್ಳು ನೆಟ್ಟರೆ ಕಾಲು ಬಾತುಕೊಳ್ಳುವದು, ಹೊಲಕ್ಕೆ ಹೊಕ್ಕರೆ ಬಿಡುವದಿಲ್ಲ. ಬಯ್ಯುತ್ತಲೇ ಅದನ್ನು ಉರಿಸುತ್ತೇವೆ. ಕಾವಿನಲ್ಲಿ ಅದು ಊರ ಜಾಲಿಗೆ ಕಡಿಮೆಯಿಲ್ಲವೆಂಬುದನ್ನು ಒಪ್ಪಲೇಬೇಕು.

ಬನ್ನಿ, ಅರಳಿ, ಅತ್ತಿಗಳನ್ನು ನಮ್ಮ ಮನೆಗಳಲ್ಲಿ ಅಡಿಗೆಯ ಒಲೆಗೆ ಇಡುವ ರೂಢಿಯಿಲ್ಲ. ಇದು ಶ್ರದ್ಧೆಯ ಮಾತು. ಆದರೆ ಕೆಲವನ್ನು ಇಡಬಾರದೆಂಬುದು ಪ್ರಾಣದ ಮಾತು. ಕಣಗಿಲೆಯ ಗಿಡವು ಬೇರಿನಿಂದ ಹೂವಿನ ವರೆಗೆ ವಿಷ. ಅದರ ಹೊಗೆಯೂ ಕೆಟ್ಟದ್ದು. ಕಳ್ಳಿಯ ಹಾಲು ಕಣ್ಣಿಗೆ ಸಿಡಿದರೆ ಅಪಾಯ. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಗೇರುಬೀಜದ ಮರದ ಹೊಗೆ ತಗಲಿದರೆ ಮೈಮೇಲೆ ಬೊಬ್ಬೆಗಳೇಳುವವು. ಗುರುತು ಸಿಕ್ಕದ ಮರವನ್ನು, ವಿಶೇಷವಾಗಿ ಹಾಲು ಸುರಿಸುವ ಮರವನ್ನು, ತಿಳಿದವರಿಗೆ ತೋರಿಸದೆ ಮನೆಯೊಳಗೆ ತರಬಾರದು. ಬಣ್ಣ ಹಚ್ಚಿದ ಹಳೆಯ ಬಾಗಿಲು ಕಿಟಕಿಗಳನ್ನೂ ಹಾಗೆಯೇ ದೂರವಿಡತಕ್ಕದ್ದು.

ಯಾವ ಮರವೆಂದು ತಿಳಿಯಿತು. ಯಾರ ಮರವೆಂದೂ ತಿಳಿಯಬೇಕು. ಬಿದ್ದ ಮರಕ್ಕೆ ಒಡೆಯನಿಲ್ಲವೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಇದೆ. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡದಿಂದ ಒಣಕಟ್ಟಿಗೆಯ ಹೊರೆ ತರುವದು ಬಡವರ ಹಕ್ಕೆಂದೇ ನಡೆದುಬಂದಿದ್ದಿತು. ಆದರೆ ೨೦೧೯ರಲ್ಲಿ ಈ ಗುಡ್ಡದ ೨೪೪ ಚದರ ಕಿಲೋಮೀಟರಿನಷ್ಟು ಪ್ರದೇಶವು ವನ್ಯಜೀವಿಧಾಮವಾಯಿತು. ವನ್ಯಜೀವಿಧಾಮಗಳಿಂದಲೂ ರಾಷ್ಟ್ರೀಯ ಉದ್ಯಾನಗಳಿಂದಲೂ ಸತ್ತ, ಸಾಯುತ್ತಿರುವ, ರೋಗ ಹಿಡಿದ ಇಲ್ಲವೆ ಗಾಳಿಗೆ ಬಿದ್ದ ಮರಗಳನ್ನು ಸಹ ಸಾಗಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು ೨೦೦೦ನೆಯ ಇಸವಿಯ ಫೆಬ್ರುವರಿಯಲ್ಲಿಯೇ ಅಪ್ಪಣೆ ಮಾಡಿರುವದು. ಬಿದ್ದ ಮರದ ಪೊಳ್ಳಿನಲ್ಲಿ ಗೂಗೆಯೂ ಉಡವೂ ವಾಸಿಸುವವು, ಹುಳುಗಳು ಅದನ್ನು ತಿಂದು ಮಣ್ಣು ಮಾಡುವವು, ಆ ಮಣ್ಣಿನಲ್ಲಿ ಮುಂದಿನ ದಿಂಡಿಗ ಹುಟ್ಟುವದು. ಗುಡ್ಡಕ್ಕೆ ಇದರಿಂದ ಹಿತವೇ ಸರಿ. ಆದರೂ ತಲೆಯ ಮೇಲಿನ ಒಂದು ಹೊರೆಯಿಂದಲೇ ಒಲೆ ಹೊತ್ತಿಸುತ್ತಿದ್ದ ಮುದುಕಿಗೆ ಇದನ್ನು ತಿಳಿಯಹೇಳುವದು ನಮಗಂತೂ ಕಠಿಣವಾಯಿತೆಂದು ಒಪ್ಪಿಕೊಳ್ಳುತ್ತೇವೆ.

ಸ್ವಂತ ಹೊಲದ ಮರದ ಮಾತೇ ಬೇರೆ. ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯದೆಯ ಮೇರೆಗೆ ಮರ ಕಡಿಯಲು ವೃಕ್ಷಾಧಿಕಾರಿಯ ಒಪ್ಪಿಗೆ ಬೇಕಾಗುವದು. ಸತ್ತ ಅಥವಾ ಗಾಳಿಗೆ ಬಿದ್ದ ಮರಕ್ಕೆ ಒಪ್ಪಿಗೆಯನ್ನು ನಿರಾಕರಿಸಲಾಗದೆಂಬ ಮಾತೂ ಆ ಕಾಯದೆಯಲ್ಲಿದೆ. ಒಂದು ಅರ್ಜಿ ಬರೆದುಕೊಡುವ ಸೋಮಾರಿತನದಿಂದ ಮುಂದೆ ದಂಡ ತೆರುವದು ಜಾಣತನವಲ್ಲ. ರಸ್ತೆಯ ಬದಿಯ ಮರವು ಬಿದ್ದರೂ ಸರಕಾರದ್ದೇ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ದೇವಪ್ರತಿಮೆಗೆ ಮರವನ್ನು ಆರಿಸುವ ಕ್ರಮವನ್ನು ಹೇಳುವಾಗ ಗಾಳಿಗೆ ಮುರಿದ, ಸಿಡಿಲು ಬಡಿದ, ಆನೆ ಕೆಡವಿದ ಮರಗಳನ್ನು ಬಿಟ್ಟುಬಿಡಬೇಕೆಂದಿರುವನು. ದೇವರಿಗೆ ಬಾರದ್ದು ಒಲೆಗೆ ಬರಲೆಂಬುದು ಆಚಾರ್ಯರ ಅಭಿಪ್ರಾಯವಾಗಿರಲಿಕ್ಕಿಲ್ಲ. ನಾವು ಮಾತ್ರ ಹಾಗೆ ಅರ್ಥ ಮಾಡಿಕೊಂಡಿದ್ದೇವೆ.

ಕಡಿಯುವಾಗ ಒಂದು ಎಚ್ಚರಿಕೆ. ಬಿದ್ದ ಮರವು ಸತ್ತ ಹಾವಲ್ಲ. ನೆಲಕ್ಕೊತ್ತಿ ಬಾಗಿದ ಟೊಂಗೆಯು ಬಿಲ್ಲಿನಂತೆ ಬಿಗಿದಿರುವದು. ಕೊಡಲಿ ತಗಲಿದ ಕೂಡಲೆ ಸಿಡಿದು ಎದೆಗೆ ಬಡಿಯಬಹುದು. ಕಾಂಡವನ್ನು ಬೊಡ್ಡೆಯಿಂದ ಬೇರ್ಪಡಿಸಿದೊಡನೆ ಬೇರಿನ ಗಡ್ಡೆಯು ಮಣ್ಣುಸಹಿತ ಮತ್ತೆ ನೆಟ್ಟಗೆ ಕೂಡುವದುಂಟು. ಆ ತಗ್ಗಿನಲ್ಲಿ ಮಕ್ಕಳು ಆಡುತ್ತಿದ್ದರೆ ಅನಾಹುತವೇ ಸರಿ. ವಿದ್ಯುತ್ತಿನ ತಂತಿಯ ಮೇಲೆ ಬಿದ್ದ ಮರವನ್ನಂತೂ ಇಲಾಖೆಯವರು ಬಂದು ಪ್ರವಾಹ ನಿಲ್ಲಿಸುವ ತನಕ ಮುಟ್ಟಲೇಬಾರದು. ಎಲೆ ಹಸಿರಾಗಿರುವ ಮರ ಬಿದ್ದಿದ್ದರೆ ಎರಡು ಮೂರು ವಾರ ಟೊಂಗೆಗಳನ್ನು ಸವರದೆ ಬಿಡುವದುಂಟು. ಎಲೆಗಳು ಬಾಡುವ ವರೆಗೂ ಕಾಂಡದ ನೀರನ್ನು ಹೀರಿ ಗಾಳಿಗೆ ಬಿಡುತ್ತಿರುವವು. ನಮ್ಮ ಕೆಲಸದ ಒಂದು ಪಾಲನ್ನು ಮರವೇ ಮಾಡಿಕೊಡುವದು. ಬಹುದಿನ ನೆಲಕ್ಕೆ ಬಿದ್ದ ಮರವಾದರೆ ಕೊಡಲಿಯ ಹಿಂಬದಿಯಿಂದ ಬಡಿದು ನೋಡಬೇಕು. ಡಬ್ಬೆಂದು ಸತ್ತ ದನಿ ಬಂದರೆ, ಉಗುರಿಗೆ ಪುಡಿಯಾಗಿ ಉದುರಿದರೆ, ಅಣಬೆಯ ಜಾತಿಯು ಅದರ ಸತ್ವವನ್ನು ತಿಂದು ಮುಗಿಸಿರುವದು. ಅಂಥದನ್ನು ತಿಪ್ಪೆಗೆ ಹಾಕುವದೇ ಲೇಸು.

ಒಣಗಿಸುವ ಗುಟ್ಟು ಬಹು ಸರಳ. ಹಸಿ ಮರದ ತೂಕದಲ್ಲಿ ಅರ್ಧದ ವರೆಗೂ ನೀರಿರಬಹುದು. ಒಲೆಗೆ ಯೋಗ್ಯವಾದ ಕಟ್ಟಿಗೆಯಲ್ಲಿ ಅದು ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆಯಿರಬೇಕು. ಒಂದು ಕಿಲೋಗ್ರಾಮು ನೀರನ್ನು ಉಗಿ ಮಾಡಲು ೬೦೦ ಕಿಲೋ ಕ್ಯಾಲರಿಗೂ ಮಿಕ್ಕಿ ಕಾವು ವೆಚ್ಚವಾಗುವದು. ಆದರೆ ಕಾವಿನ ನಷ್ಟವೊಂದೇ ಆಗಿದ್ದರೆ ಇನ್ನೆರಡು ಕಟ್ಟಿಗೆ ಹೆಚ್ಚಿಗೆ ಇಟ್ಟು ತೀರಿಸಬಹುದಿತ್ತು. ನಿಜವಾದ ಕೇಡು ಬೇರೆ. ಬಿಸಿ ತಗಲಿದ ಕಟ್ಟಿಗೆಯಿಂದ ಉರಿಯುವ ವಾಯುಗಳು ಹೊರಡುವವು. ಅವು ಹೊತ್ತಬೇಕಾದರೆ ಒಲೆಯ ಗರ್ಭವು ಚೆನ್ನಾಗಿ ಕಾದಿರಬೇಕು. ನೀರು ಕುದಿಯುತ್ತಿರುವ ತನಕ ಕಟ್ಟಿಗೆಯು ಆ ಕಾವಿಗೆ ಏರುವದೇ ಇಲ್ಲ. ಹೊತ್ತದೆ ಉಳಿದ ವಾಯುಗಳೇ ಹೊಗೆಯೂ ಡಾಂಬರೂ ಆಗಿ ಕಣ್ಣಿಗೆ, ಶ್ವಾಸಕೋಶಕ್ಕೆ, ಗೋಡೆಗೆ ಮೆತ್ತುವವು. ಅನ್ನಂಭಟ್ಟನು ಹೇಳಿದ್ದರ ಒಳಗುಟ್ಟು ಇಷ್ಟೇ.

ಮರದೊಳಗಿನ ನೀರಿನ ದಾರಿಗಳು ಬುಡದಿಂದ ತುದಿಗೆ ಉದ್ದುದ್ದ ಇರುವ ಕೊಳವೆಗಳು. ಆದ್ದರಿಂದ ನೀರು ಕಡಿದ ತುದಿಗಳಿಂದ ಬೇಗನೆ ಹೋಗುವದು. ಪಕ್ಕಗಳಿಂದ ಬಹು ನಿಧಾನ. ತೊಗಟೆಯಿಂದಂತೂ ಹೋಗುವದೇ ಇಲ್ಲವೆನ್ನಬಹುದು, ಯಾಕಂದರೆ ನೀರನ್ನು ಕಾಯುವದೇ ತೊಗಟೆಯ ಧರ್ಮ. ನಾವು ೧೯೯೪ರಲ್ಲಿ ಮಾಡಿದ್ದೇನು? ತೊಗಟೆಸಹಿತವಾದ ದಪ್ಪ ಕೊರಡುಗಳನ್ನು ಬಿಸಿಲಿಗೆ ಚೆಲ್ಲಿದೆವು. ತುಂಬಿದ ಕೊಡದ ಹೊರಮೈಯನ್ನು ಒರೆಸಿ, ಕೊಡ ಬರಿದಾಯಿತೆಂದು ನಂಬಿದಂತಾಯಿತು. ಬಡಿಗನ ಕ್ರಮವು ಹೀಗೆ: ಒಂದು ಮೊಳಕ್ಕಿಂತ ಉದ್ದವಿಲ್ಲದಂತೆ ತುಂಡು ಮಾಡಿ, ಹಸಿಯಿದ್ದಾಗಲೇ ಸೀಳಿಬಿಡಬೇಕು. ಜಾಲಿ, ಬೇವು, ನೀಲಗಿರಿಗಳು ಒಣಗಿದ ಮೇಲೆ ಕೊಡಲಿಗೆ ಜಗ್ಗುವದಿಲ್ಲ. ಹೆಣೆದ ಎಳೆಯ ಕೊರಡಿಗೆ ನಟ್ಟನಡುವೆ ಹೊಡೆಯದೆ ಅಂಚಿನಿಂದ ಹೋಳು ತೆಗೆಯುತ್ತ ಬರಬೇಕು. ಗಂಟು ಬಂದರೆ ಕಬ್ಬಿಣದ ಬೆಣೆ. ಸೀಳು ಮಣಿಕಟ್ಟಿಗಿಂತ ದಪ್ಪವಿರಬಾರದು.

ನಮ್ಮದು ಎರೆಯ ಭೂಮಿ. ಒಮ್ಮೆ ತೊಯ್ದರೆ ವಾರಗಟ್ಟಲೆ ನೀರು ಹಿಡಿದಿರುವ ಈ ಮಣ್ಣಿನ ಮೇಲೆ ಕಟ್ಟಿಗೆಯನ್ನಿಟ್ಟರೆ ಕೆಳಗಿನಿಂದ ಹಸಿಯೂ ಒರಲಿಯೂ ಏರುವವು. ಅದಕ್ಕೆ ಗೇಣೆತ್ತರದ ಕಲ್ಲುಗಳ ಮೇಲೆ ಎರಡು ಗಳ ಹಾಕಿ, ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ, ಸಂದುಬಿಟ್ಟು ಒಟ್ಟತಕ್ಕದ್ದು. ಗಾಳಿಯು ಕಡಿದ ತುದಿಗಳಿಗೆ ತಗಲುವಂತೆ ಒಟ್ಟಿಲಿನ ಮುಖವಿರಬೇಕು. ಮೇಲೆ ಮಾತ್ರ ತಗಡಿನ ಹೊದಿಕೆ. ಸುತ್ತಲೂ ತಾಡಪತ್ರಿ ಬಿಗಿದು ಕಟ್ಟುವವರುಂಟು; ಅದು ಮಳೆಯನ್ನು ಹೊರಗಿಡುವಷ್ಟೇ ಚೆನ್ನಾಗಿ ಹಬೆಯನ್ನು ಒಳಗಿಡುವದು. ಬಿಸಿಲಿಗಿಂತ ಗಾಳಿಯೇ ಮುಖ್ಯವೆಂಬುದನ್ನು ನಮ್ಮ ಜನರು ಬಟ್ಟೆ ಒಣಗಿಸುವಾಗ ಬಲ್ಲರು, ಕಟ್ಟಿಗೆಯಲ್ಲಿ ಮರೆಯುವರು. ಒಟ್ಟಿಲನ್ನು ಮನೆಯ ಗೋಡೆಗೆ ತಗಲಿಸಿ ಕಟ್ಟಬಾರದು. ಒರಲಿಗೆ ಬಾಗಿಲು ತೆರೆದಂತಾಗುವದು. ಚೇಳು ಹಾವುಗಳಿಗೂ ಅದೇ ಛತ್ರವಾದ್ದರಿಂದ ಮೊದಲು ಕೋಲಿನಿಂದ ಕದಲಿಸದೆ ಕೈ ಹಾಕಬಾರದು. ಅಮಾವಾಸ್ಯೆಯ ಕಡೆಗೆ ಕಡಿದ ಮರಕ್ಕೆ ಹುಳು ಹತ್ತುವದಿಲ್ಲವೆಂದು ಹಿರಿಯರು ಹೇಳುತ್ತಿದ್ದರು. ಗಾಳಿಯು ಪಂಚಾಂಗ ನೋಡಿ ಮರ ಕೆಡಹುವದಿಲ್ಲವಾದ್ದರಿಂದ ಈ ಪರೀಕ್ಷೆಗೆ ನಮಗೆ ಅವಕಾಶ ಬರಲಿಲ್ಲ.

ವೈಶಾಖದಲ್ಲಿ ಒಟ್ಟಿದ ಜಾಲಿಯ ಸೀಳುಗಳು ಮಳೆಗಾಲದಲ್ಲಿ ಹೆಚ್ಚು ಒಣಗುವದಿಲ್ಲ. ದೀಪಾವಳಿಯಿಂದ ಮುಂದಿನ ಒಣಹವೆಯೇ ನಿಜವಾದ ಕೆಲಸಗಾರ. ಹೀಗಾಗಿ ಒಂದು ವರ್ಷದ ಲೆಕ್ಕ ಹಿಡಿಯುವದು ನಿರ್ಭಯ. ಒಣಗಿತೋ ಇಲ್ಲವೋ ತಿಳಿಯಲು ಮೂರು ಪರೀಕ್ಷೆಗಳುಂಟು. ತುದಿಯಲ್ಲಿ ನಡುವಿನಿಂದ ಹೊರಟ ಬಿರುಕುಗಳು ಬಾಯಿಬಿಟ್ಟು ತೊಗಟೆ ಕಳಚಬೇಕು. ಎರಡು ಸೀಳುಗಳನ್ನು ತಾಗಿಸಿದರೆ ಠಣ್ಣೆನ್ನಬೇಕು. ಮೂರನೆಯದು ತಕ್ಕಡಿಯ ಪರೀಕ್ಷೆ; ನಮ್ಮ ಮಾಸ್ತರಿಕೆಯ ಸ್ವಭಾವಕ್ಕೆ ಇದೇ ಹಿತವಾಯಿತು. ಗುರುತು ಮಾಡಿದ ಒಂದು ಸೀಳನ್ನು ಹದಿನೈದು ದಿನಕ್ಕೊಮ್ಮೆ ತೂಗಿ ಗೋಡೆಯ ಮೇಲೆ ಬರೆಯುತ್ತ ಹೋಗುವದು. ಎರಡು ಸಲದ ತೂಕ ಒಂದೇ ಬಂದರೆ ಒಣಗಿತು. ಮೊದಲ ಸಲ ಹೀಗೆ ತೂಗಿದಾಗ ನಮ್ಮ ಸೀಳು ತನ್ನ ತೂಕದ ಕಾಲು ಪಾಲಿಗಿಂತ ಹೆಚ್ಚು ಕಳೆದುಕೊಂಡಿದ್ದಿತು. ಅಷ್ಟು ನೀರನ್ನು ನಮ್ಮ ತಾಯಿಯವರು ಅಂದು ಊದಿ ಊದಿ ಕುದಿಸಿದ್ದರು.

ಮುಂದೆ ನಮ್ಮ ಮನೆಗೂ ಗ್ಯಾಸಿನ ಒಲೆ ಬಂದಿತು. ೨೦೧೬ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗಳಿಗೂ ಸಿಲಿಂಡರು ತಲುಪಿದೆ. ಆದರೂ ಊರಲ್ಲಿ ನಸುಕಿನಲ್ಲಿ ಒಂದು ಸುತ್ತು ತಿರುಗಿದರೆ ಬಚ್ಚಲ ಒಲೆಗಳ ಹೊಗೆ ಈಗಲೂ ಕಾಣುವದು. ಹಂಡೆಯ ನೀರು, ಕಡಕ ರೊಟ್ಟಿ, ಹಬ್ಬದ ದೊಡ್ಡ ಅಡಿಗೆ, ಇವು ಕಟ್ಟಿಗೆಯನ್ನು ಬಿಟ್ಟಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯಕುಮಾರ ರೆಡ್ಡಿಯವರ ಮುಂದಾಳುತನದಲ್ಲಿ ೧೯೭೪ರಲ್ಲಿ ಹುಟ್ಟಿದ 'ಅಸ್ತ್ರ'ವೆಂಬ ವಿಭಾಗದವರು, ೧೯೮೦ರ ದಶಕದಲ್ಲಿ ಜಾಲರಿಯೂ ಚಿಮಣಿಯೂ ಉಳ್ಳ, ಮೂರು ಪಾತ್ರೆಗಳ ಒಲೆಯೊಂದನ್ನು ಹಳ್ಳಿಗಳಿಗಾಗಿ ರಚಿಸಿದರು. ಅಂಥ ಒಲೆಗೂ ಕಟ್ಟಿಗೆಯು ಸಣ್ಣಗೆ ಸೀಳಿದ್ದು, ಒಣಗಿದ್ದು ಬೇಕು. ಹಸಿ ಕೊರಡನ್ನು ತುರುಕಿ ಒಲೆಯನ್ನು ದೂರಿದವರನ್ನು ನಾವು ಕಂಡಿದ್ದೇವೆ.

ನಮ್ಮ ತಾಯಿಯವರು ೨೦೦೯ರಲ್ಲಿ ತೀರಿಕೊಂಡರು. ಕಡೆಯ ನಾಲ್ಕು ವರ್ಷ ಅವರಿಗೆ ಉಸಿರೇ ಸಾಲುತ್ತಿರಲಿಲ್ಲ. ಗದಗಿನ ವೈದ್ಯರೊಬ್ಬರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು, "ಅಮ್ಮನವರಿಗೆ ತಂಬಾಕಿನ ಚಟ ಇತ್ತೇ?" ಎಂದು ಕೇಳಿದರು. ಅವರು ಜನ್ಮದಲ್ಲಿ ತಂಬಾಕನ್ನು ಮುಟ್ಟಿದವರಲ್ಲ. ಐವತ್ತು ವರ್ಷ ಒಲೆಯ ಮುಂದೆ ಕುಳಿತವರೆಂದು ಹೇಳಿದೆವು. ವೈದ್ಯರು ತಲೆಯಾಡಿಸಿ ಬರೆದುಕೊಂಡರು. ಆ ಐವತ್ತು ವರ್ಷಗಳಲ್ಲಿ ನಮ್ಮ ಮದುವೆಯ ಮನೆಯ ಒಂದು ರಾತ್ರಿಯ ಪಾಲು ಎಷ್ಟೆಂದು ಯಾವ ತಕ್ಕಡಿಯೂ ಹೇಳಲಾರದು.

ಕ್ರಿ. ಶ. ೧೧೯೦ರ ಸುಮಾರಿಗೆ ಹೊಯ್ಸಳರ ವೀರಬಲ್ಲಾಳನೂ ಸೇವುಣರ ಭಿಲ್ಲಮನೂ ಇದೇ ಸೊರಟೂರಿನಲ್ಲಿ ಕಾದಾಡಿದರು. ಬಲ್ಲಾಳನು ಗೆದ್ದನೆಂದು ಶಾಸನಗಳಿಂದ ತಿಳಿಯುವದು. ಅಷ್ಟು ದೊಡ್ಡ ದಂಡುಗಳ ಒಲೆಗಳಿಗೆ ಕಟ್ಟಿಗೆಯನ್ನು ಯಾರು ಕಡಿದರು, ಒಣಗಿದ್ದೋ ಹಸಿಯೋ, ಯಾರ ಕಣ್ಣು ಕೆಂಪಾದವು ಎಂಬುದನ್ನು ಕಲ್ಲಿನ ಮೇಲೆ ಬರೆಯಿಸುವ ಪದ್ಧತಿಯಿರಲಿಲ್ಲ.

ಈ ವರ್ಷದ ಅಡ್ಡಮಳೆಗೆ ಬದುವಿನ ಇನ್ನೊಂದು ಕರಿಜಾಲಿ ಬಿದ್ದಿತು. ಅರವತ್ತರ ಕೈಗೆ ಕೊಡಲಿ ಭಾರವಾದ್ದರಿಂದ ಆ ಬಡಿಗನ ಮೊಮ್ಮಗನನ್ನು ಕರೆಯಿಸಿ ಸೀಳಿಸಿದೆವು. ಒಟ್ಟಿಲು ಹಿತ್ತಲಿನಲ್ಲಿ, ಬೇವು ನಿಂತಿದ್ದ ಜಾಗದಲ್ಲಿಯೇ ಇದೆ. ಮೇಲಿನ ಸಾಲಿನ ಒಂದು ಸೀಳಿಗೆ ಸುಣ್ಣದ ಗುರುತು ಹಾಕಿದ್ದೇವೆ. ಕಳೆದ ವಾರ ನಮ್ಮ ಮನೆಯವರು ಅದನ್ನೆತ್ತಿ ಇನ್ನೊಂದಕ್ಕೆ ತಾಗಿಸಿ ಕೇಳಿ, "ಇನ್ನೂ ಇಲ್ಲ" ಎಂದು ಮರಳಿ ಇಟ್ಟರು. ಬರುವ ವರ್ಷದ ದೀಪಾವಳಿಗೆ, ನೀರು ತುಂಬುವ ಹಬ್ಬದ ಹಂಡೆಯ ಕೆಳಗೆ ಅದು ಉರಿಯಬೇಕು.